ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನಿಂಗ್: ಯಾವ ಯಂತ್ರ, ಯಾಕೆ?

ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ ಇರುವವರ ಮನೆಯಲ್ಲಿ ಮುಗಿಯದ ಚರ್ಚೆಯೊಂದಿದೆ. ಕ್ಯಾನ್ಸರ್ ಇದೆಯೋ ಇಲ್ಲವೋ ನೋಡಲು ಮಡಿಕೇರಿಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸಾಕೋ, ಮೈಸೂರಿಗೋ ಮಂಗಳೂರಿಗೋ ಹೋಗಿ ಎಂಆರ್‌ಐ ಮಾಡಿಸಬೇಕೋ? ಡಾಕ್ಟರು ಒಂದು ಹೇಳಿದರೆ ಗೋಣಿಕೊಪ್ಪದ ನೆಂಟರು ಇನ್ನೊಂದು ಹೇಳುತ್ತಾರೆ.

ಲಿವರ್ ಕ್ಯಾನ್ಸರಿನಲ್ಲಿ ಎಎಫ್‌ಪಿ ಎಂಬ ಪ್ರೋಟೀನ್ ರಕ್ತದಲ್ಲಿ ಏರುವುದು 1960ರ ದಶಕದಲ್ಲಿ ಗೊತ್ತಾಯಿತು; ಆಮೇಲೆ ಅಲ್ಟ್ರಾಸೌಂಡ್, ಸಿಟಿ, ಎಂಆರ್‌ಐ ಒಂದರ ಹಿಂದೊಂದು ಬಂದವು.

ತಪಾಸಣೆಯಿಂದ ಜೀವ ಉಳಿಯುತ್ತದೆ ಎನ್ನುವವರು ತೋರಿಸುವುದು 2004ರಲ್ಲಿ ಪ್ರಕಟವಾದ ಶಾಂಘೈ ಅಧ್ಯಯನವನ್ನು. ಹೆಪಟೈಟಿಸ್ ಬಿ ತಗುಲಿದ್ದ ಸುಮಾರು 18,800 ಜನರಲ್ಲಿ ಒಂದು ಗುಂಪಿಗೆ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಎಎಫ್‌ಪಿ. ಆ ಗುಂಪಿನಲ್ಲಿ ಲಿವರ್ ಕ್ಯಾನ್ಸರಿನ ಸಾವು ಶೇ 37ರಷ್ಟು ಕಡಿಮೆ. ಅಧ್ಯಯನದ ಕ್ರಮದ ಬಗ್ಗೆ ತಕರಾರುಗಳಿವೆ, ಇರಲಿ. ನನ್ನ ಕಣ್ಣು ನಿಲ್ಲುವುದು ಇನ್ನೊಂದು ಅಂಕಿಯ ಮೇಲೆ: ನಿಗದಿಯಾದ ತಪಾಸಣೆಗಳಲ್ಲಿ ನಡೆದದ್ದು ಶೇ 60ಕ್ಕೂ ಕಡಿಮೆ. ಅಷ್ಟಕ್ಕೇ ಇಷ್ಟು ಫಲ.

2017ರಲ್ಲಿ ಕೊರಿಯಾದಿಂದ ಬಂದ ವರದಿ ಲೆಕ್ಕ ಕಲಕಿತು. 407 ಸಿರೋಸಿಸ್ ರೋಗಿಗಳಿಗೆ ಅಲ್ಟ್ರಾಸೌಂಡ್, ಎಂಆರ್‌ಐ ಎರಡನ್ನೂ ಮಾಡಿ ನೋಡಿದಾಗ 43 ಮಂದಿಗೆ ಕ್ಯಾನ್ಸರ್ ಇತ್ತು. ಎಂಆರ್‌ಐ ಶೇ 86ರಷ್ಟನ್ನು ಹಿಡಿದರೆ ಅಲ್ಟ್ರಾಸೌಂಡ್ ಹಿಡಿದದ್ದು ಶೇ 28ರಷ್ಟನ್ನು. ಎಂಆರ್‌ಐಗೆ ಗಡ್ಡೆ ಕಾಣುವುದು ಹೀಗೆ: ಗಡ್ಡೆಗೆ ರಕ್ತ ಬರುವುದು ಹೆಚ್ಚಾಗಿ ಅಪಧಮನಿಯಿಂದ, ಉಳಿದ ಲಿವರಿಗೆ ಕರುಳಿನ ಕಡೆಯಿಂದ ಬರುವ ಪೋರ್ಟಲ್ ರಕ್ತನಾಳದಿಂದ. ಹಾಗಾಗಿ ಕಾಂಟ್ರಾಸ್ಟ್ ಎಂಬ, ಚಿತ್ರದಲ್ಲಿ ಎದ್ದು ಕಾಣುವ ಔಷಧಿ ಚುಚ್ಚಿದಾಗ ಗಡ್ಡೆ ಮೊದಲು ಹೊಳೆದು, ಬೇಗ ಮಂಕಾಗುತ್ತದೆ. ಸಿಟಿಯೂ ಇದನ್ನು ತೋರಿಸುತ್ತದೆ, ಆದರೆ ವರ್ಷಕ್ಕೆರಡು ಸಲ ವಿಕಿರಣ ಯಾರಿಗೆ ಬೇಕು? ಅದಕ್ಕೇ ಅಲ್ಟ್ರಾಸೌಂಡಿನಲ್ಲಿ ಒಂದು ಸೆಂಟಿಮೀಟರಿನಷ್ಟು ದೊಡ್ಡ ಗಂಟು ಕಂಡರೆ ಖಚಿತಪಡಿಸಲು ಸಿಟಿ ಅಥವಾ ಎಂಆರ್‌ಐ. ಅದಕ್ಕಿಂತ ಸಣ್ಣದಾದರೆ ಮೂರು ತಿಂಗಳು ಬಿಟ್ಟು ಮತ್ತೆ ಅಲ್ಟ್ರಾಸೌಂಡ್.

ದಪ್ಪ ಹೊಟ್ಟೆ, ಕೊಬ್ಬು ತುಂಬಿದ ಲಿವರ್ ಇದ್ದವರಲ್ಲಿ ಅಲ್ಟ್ರಾಸೌಂಡ್ ಸೋಲುತ್ತದೆ. ‘ಲಿವರ್ ಪೂರ್ತಿ ಕಾಣಲಿಲ್ಲ’ ಎಂದು ರಿಪೋರ್ಟಿನಲ್ಲಿದ್ದರೆ ಎಂಆರ್‌ಐ ಕೇಳುವುದು ನ್ಯಾಯವೇ. ಅಲ್ಟ್ರಾಸೌಂಡಿನಲ್ಲೇ ಲಿವರ್ ಚೆನ್ನಾಗಿ ಕಾಣುವವರು ಒಮ್ಮೆ ಎಂಆರ್‌ಐ ಮಾಡಿಸಿ, ಎರಡು ವರ್ಷ ಫೈಲನ್ನು ಬೀರುವಿನಲ್ಲಿಡುವುದು ಮಾತ್ರ ನನಗೆ ಅರ್ಥವಾಗದು.

ಆರು ತಿಂಗಳೆಂಬುದು ಗಡ್ಡೆ ಬೆಳೆಯುವ ವೇಗ ನೋಡಿ ಹಾಕಿದ ಲೆಕ್ಕ. ಫ್ರಾನ್ಸಿನವರು ಮೂರು ತಿಂಗಳಿಗೊಮ್ಮೆ ಮಾಡಿ ನೋಡಿದರು, ಹೆಚ್ಚಿನ ಲಾಭ ಸಿಗಲಿಲ್ಲ. ನಮ್ಮ ತೊಡಕು ಬೇರೆ. ಜನವರಿಗೆ ದಿನ ಗೊತ್ತುಮಾಡಿದರೆ ಕಾಫಿ ಕೊಯ್ಲು, ಮುಂದಿನದು ಜುಲೈಯಲ್ಲಿ, ಕಕ್ಕಡ ತಿಂಗಳ ಮಳೆಗೆ. 2018ರ ಆಗಸ್ಟಿನಲ್ಲಂತೂ ಮಂಗಳೂರು ರಸ್ತೆಯೇ ಕುಸಿದಿತ್ತು. ಏಪ್ರಿಲ್, ಅಕ್ಟೋಬರ್ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಕೊಯ್ಲೂ ಅಡ್ಡ ಬಾರದು, ಮಳೆಯೂ ಅಷ್ಟಾಗಿ ಕಾಡದು.