ಬಿಟ್ ಎಣಿಸುವ ಮೊದಲು ಆಧಾರ ವೋಲ್ಟೇಜ್ ಅಳೆಯಿರಿ

ಬೆಳಗಾವಿಯ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಯಂತ್ರಗಳಿಗೆ ನಿಯಂತ್ರಣ ಬೋರ್ಡ್ ಮಾಡಿಕೊಡುವುದು ನನ್ನ ಕೆಲಸ. ಬರುವವರು ಮೊದಲು ಕೇಳುವುದು ಒಂದೇ: "ಡ್ಯಾಕ್ ಚಿಪ್ 12 ಬಿಟ್‌ನದೋ, 16 ಬಿಟ್‌ನದೋ?" ಡ್ಯಾಕ್ ಎಂದರೆ ಪ್ರೋಗ್ರಾಂ ಕೊಡುವ ಅಂಕಿಯನ್ನು ವೋಲ್ಟೇಜ್ ಆಗಿ ಬದಲಿಸುವ ಚಿಪ್. ಅದಕ್ಕೆ ಆಧಾರ ವೋಲ್ಟೇಜ್ ಎಲ್ಲಿಂದ ಬರುತ್ತದೆ ಎಂದು ಕೇಳಿದವರು ಬೆರಳೆಣಿಕೆಯಷ್ಟು ಮಂದಿ.

ಕಳೆದ ಬೇಸಿಗೆಯಲ್ಲಿ ಒಂದು ವರ್ಕ್‌ಶಾಪ್‌ಗೆ ಹೋಗಿದ್ದೆ. ಸಿಲಿಂಡರ್‌ಗಳನ್ನು 250 ಬಾರ್ ಒತ್ತಡದಲ್ಲಿ ಪರೀಕ್ಷಿಸುವ ಬೆಂಚ್ ಅಲ್ಲಿತ್ತು. ಒತ್ತಡ ಎಷ್ಟಿರಬೇಕೆಂದು ಹೇಳುವುದು ಡ್ಯಾಕ್‌ನ ವೋಲ್ಟೇಜ್. ಬೆಳಿಗ್ಗೆ ಹೊಂದಿಸಿದ ಒತ್ತಡ ಮಧ್ಯಾಹ್ನದ ಊಟದ ಹೊತ್ತಿಗೆ 247ಕ್ಕೆ ಇಳಿಯುತ್ತಿತ್ತು. ಡಿಪ್ಲೊಮಾ ಮುಗಿಸಿ ಸೇರಿದ್ದ ಹುಡುಗ ಬಹಳ ಶ್ರದ್ಧಾವಂತ. ಮೂರು ರಾತ್ರಿ ಕುಳಿತು 12 ಬಿಟ್ ಚಿಪ್ ತೆಗೆದು 16 ಬಿಟ್‌ನದನ್ನು ಬೆಸೆದಿದ್ದ, ಪ್ರೋಗ್ರಾಮನ್ನೂ ತಿದ್ದಿದ್ದ. ಒತ್ತಡ ಮೊದಲಿನಂತೆಯೇ ಇಳಿಯಿತು. "ಸರ್, ಚಿಪ್ ನಕಲಿ ಇರಬಹುದೇ?" ಎಂದು ಕೇಳಿದ. ಆಧಾರದ ಪಿನ್‌ಗೆ ಮಲ್ಟಿಮೀಟರ್ ಹಿಡಿಸಿದೆ. ಬೆಳಿಗ್ಗೆ 5.01 ವೋಲ್ಟ್, ಮಧ್ಯಾಹ್ನ 4.95. ರಿಲೇ, ಡಿಸ್‌ಪ್ಲೇಗಳಿಗೆ ಹೋಗುವ 5 ವೋಲ್ಟ್ ಲೈನನ್ನೇ ಅಲ್ಲಿಗೂ ಎಳೆದಿದ್ದರು. 60 ಮಿಲಿವೋಲ್ಟ್ ಎಂದರೆ ಶೇ 1.2, 250 ಬಾರ್‌ಗೆ 3 ಬಾರ್. ಅವನು ಕಳೆದುಕೊಂಡ ನಿದ್ದೆಯನ್ನು ನೆನೆದು ನನಗೇ ಸಂಕಟವಾಯಿತು.

ಮತ್ತೆ ಮತ್ತೆ ಹೇಳುತ್ತೇನೆ: ಡ್ಯಾಕ್ ತಾನಾಗಿ ವೋಲ್ಟೇಜ್ ಹುಟ್ಟಿಸುವುದಿಲ್ಲ. ನೀವು ಕೊಟ್ಟ ಆಧಾರ ವೋಲ್ಟೇಜನ್ನು ಪಾಲು ಮಾಡುತ್ತದೆ, ಅಷ್ಟೇ. 12 ಬಿಟ್ ಆದರೆ 4096 ಪಾಲು, 16 ಬಿಟ್ ಆದರೆ 65,536 ಪಾಲು. ಅಳತೆಕೋಲೇ ರಬ್ಬರಿನದಾದರೆ ಅದರ ಮೇಲೆ ಎಷ್ಟು ಸಣ್ಣ ಗೆರೆ ಎಳೆದರೇನು? 5 ವೋಲ್ಟ್‌ಗೆ 16 ಬಿಟ್‌ನ ಒಂದು ಪಾಲು, ಅಂದರೆ ಒಂದು ಮೆಟ್ಟಿಲು, ಸುಮಾರು 76 ಮೈಕ್ರೋವೋಲ್ಟ್. ಆ ಮಧ್ಯಾಹ್ನ ಜಾರಿದ್ದು ಅಂಥ 780ಕ್ಕೂ ಹೆಚ್ಚು ಮೆಟ್ಟಿಲು.

ಸ್ಥಿರವಾದ ಆಧಾರ ವೋಲ್ಟೇಜ್ ಕೊಡಲೆಂದೇ ಇರುವ ಪ್ರತ್ಯೇಕ ಚಿಪ್ (ರೆಫರೆನ್ಸ್ ಐಸಿ) ಹಾಕಿದವರೂ ಅದರ ಉಷ್ಣ ವ್ಯತ್ಯಾಸವನ್ನು ನೋಡಬೇಕು. ಒಂದು ಡಿಗ್ರಿಗೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಪಾಲು) ಎಂದಿದ್ದರೆ, ತಗಡಿನ ಚಾವಣಿಯ ಕೆಳಗೆ ಮುಚ್ಚಿದ ಪೆಟ್ಟಿಗೆ 25ರಿಂದ 55 ಡಿಗ್ರಿಗೆ ಕಾದಾಗ ಶೇ 0.15 ತಪ್ಪು ಬರಬಹುದು. 12 ಬಿಟ್‌ನಲ್ಲಿ ಅದು 6 ಮೆಟ್ಟಿಲು, 16 ಬಿಟ್‌ನಲ್ಲಿ 98. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ನಿಲ್ಲುವ ಯಂತ್ರವಾದರೆ ಈ ಲೆಕ್ಕವನ್ನು ಬಿಡಲೇಬೇಡಿ.

ಎಲ್ಲ ಕಡೆಯೂ ಹೀಗೇ ಎಂದು ನಾನು ಹೇಳಲಾರೆ. ಹೊರಬಂದ ಸಂಕೇತವನ್ನು ಓದುವ ಭಾಗವೂ ಅದೇ 5 ವೋಲ್ಟನ್ನೇ ಆಧಾರವಾಗಿಸಿಕೊಂಡಿದ್ದರೆ ಏರಿಳಿತ ಬಹುಮಟ್ಟಿಗೆ ತಾನೇ ಹೊಂದಿಕೊಳ್ಳುತ್ತದೆ. ಎಂಸಿಪಿ4725 ಎಂಬ ಡ್ಯಾಕ್ ಚಿಪ್ ತನ್ನ ವಿದ್ಯುತ್ ಪೂರೈಕೆಯನ್ನೇ ಆಧಾರವಾಗಿ ಬಳಸುತ್ತದೆ. ಅಂಥ ಕೆಲಸಕ್ಕೆ ಅದು ಒಳ್ಳೆಯ ಚಿಪ್, ನಾನೂ ಹಾಕುತ್ತೇನೆ. ಧ್ವನಿಯ ಉಪಕರಣಗಳ ಲೆಕ್ಕವೇ ಬೇರೆ. ಅಲ್ಲಿ ಬಿಟ್‌ಗಳಿಗೆ ಬೆಲೆ ಇದೆ.

ಆ ಬೆಂಚ್‌ಗೆ ಹುಡುಗ ಹಳೆಯ 12 ಬಿಟ್ ಚಿಪ್ಪನ್ನೇ ಮತ್ತೆ ಕೂರಿಸಿದ, ಪಕ್ಕದಲ್ಲಿ 10 ಪಿಪಿಎಂನ ರೆಫರೆನ್ಸ್ ಇಟ್ಟ. ಚಿಪ್ ವಿದ್ಯುತ್ ಬಂದ ಕೂಡಲೇ ಸೊನ್ನೆಯಲ್ಲಿ ನಿಲ್ಲುತ್ತದೆಯೋ, ಅರ್ಧದಲ್ಲಿ ನಿಲ್ಲುತ್ತದೆಯೋ ಎಂಬುದನ್ನೂ ಅಂದೇ ನೋಡಿಸಿದೆ. ಅರ್ಧದಲ್ಲಿ ಎದ್ದರೆ ಸ್ವಿಚ್ ಹಾಕಿದವನ ಎದುರಿಗೆ 125 ಬಾರ್ ಒತ್ತಡ ಒಮ್ಮೆಲೇ ಏರುತ್ತದೆ.