‘ಕಡ್ಡಾಯ ಲಸಿಕೆ’ ಎಂದರೆ ಯಾವುದು?

ಈಚೆಗೆ ಮಂಡ್ಯದ ಚರ್ಚಾಸ್ಪರ್ಧೆಯೊಂದರಲ್ಲಿ, ಕೋವಿಡ್ ಕಾಲದಲ್ಲಿ ಭಾರತವೂ ಆಸ್ಟ್ರಿಯಾದಂತೆ ಲಸಿಕೆಯನ್ನು ಕಡ್ಡಾಯ ಮಾಡಿತ್ತೆಂದು ವಿದ್ಯಾರ್ಥಿಯೊಬ್ಬ ವಾದಿಸಿದಾಗ ಎದುರು ಪಕ್ಷದವರೂ ತೀರ್ಪುಗಾರರೂ ಚಕಾರ ಎತ್ತಲಿಲ್ಲ. ಹುಡುಗನನ್ನು ದೂರಿ ಫಲವಿಲ್ಲ. ಪತ್ರಿಕೆಗಳ ತಲೆಬರಹಗಳು ಆ ಎರಡು ವರ್ಷ ಈ ಪದವನ್ನು ಸಿಕ್ಕಸಿಕ್ಕಲ್ಲಿ ಬಳಸಿ ಸವೆಸಿಬಿಟ್ಟವು.

ಲಸಿಕೆ ಹಾಕಿಸಿಕೊಳ್ಳದಿರುವುದನ್ನೇ ತಪ್ಪೆಂದು ಕಾನೂನು ಘೋಷಿಸಿ, ಅದಕ್ಕೆ ದಂಡವನ್ನು ಗೊತ್ತುಪಡಿಸಿದ್ದರೆ ಅದು ಕಡ್ಡಾಯ. ಹೊಸ್ತಿಲು ದಾಟದೆ ಮನೆಯಲ್ಲೇ ಕೂತವನಿಗೂ ಅದು ಅನ್ವಯಿಸುತ್ತದೆ. ಲಸಿಕೆ ಪಡೆಯದವನಿಗೆ ಸಿನಿಮಾ ಮಂದಿರಕ್ಕೆ ಪ್ರವೇಶವಿಲ್ಲ ಎಂಬುದು ಷರತ್ತು. ಸಿನಿಮಾ ಬೇಡವೆಂದರೆ ಅವನನ್ನು ಯಾರೂ ಕೇಳುವುದಿಲ್ಲ. ಇಷ್ಟು ಸರಳವಾದ ಭೇದವನ್ನು ಮರೆತು ದೇಶದೇಶಗಳ ನೀತಿಯನ್ನು ಹೋಲಿಸಲು ಹೊರಡುವವರನ್ನು ಕಂಡರೆ ತಾಳ್ಮೆ ಉಳಿಯುವುದು ಕಷ್ಟ.

ಆಸ್ಟ್ರಿಯಾದ್ದು ನಿಜವಾದ ಕಡ್ಡಾಯ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನು 18 ವರ್ಷ ತುಂಬಿದ ನಿವಾಸಿಗಳಿಗೆಲ್ಲ ಅನ್ವಯಿಸುತ್ತಿತ್ತು. ಗರ್ಭಿಣಿಯರಿಗೂ ವೈದ್ಯಕೀಯ ಕಾರಣವುಳ್ಳವರಿಗೂ ವಿನಾಯಿತಿ ಇತ್ತು. ದಂಡ 3,600 ಯೂರೊವರೆಗೆ ಏರಬಹುದಿತ್ತು. ಇಟಲಿ 50 ದಾಟಿದವರಿಗೆ 100 ಯೂರೊ ದಂಡ ವಿಧಿಸಿದರೆ, ಗ್ರೀಸ್ 60 ದಾಟಿದವರಿಗೆ ಅಷ್ಟೇ ಮೊತ್ತವನ್ನು ತಿಂಗಳು ತಿಂಗಳೂ ವಿಧಿಸಿತು. ಒಂದು ಸಲದ ದಂಡವೂ ಪ್ರತಿ ತಿಂಗಳ ದಂಡವೂ ಒಂದೇ ತೂಕದ ಒತ್ತಾಯವಲ್ಲವೆಂಬುದು ಪಿಂಚಣಿಯಲ್ಲಿ ಬದುಕುವ ಯಾರಿಗಾದರೂ ಗೊತ್ತು.

ಫ್ರಾನ್ಸ್ ಕಡ್ಡಾಯ, ಷರತ್ತು ಎರಡನ್ನೂ ಬಳಸಿತು: 2021ರ ಆಗಸ್ಟ್‌ನ ಕಾನೂನಿನಲ್ಲಿ ಆರೋಗ್ಯ ಸಿಬ್ಬಂದಿಗೆ ಲಸಿಕೆ ಕಡ್ಡಾಯ, ಉಳಿದವರಿಗೆ ಹೋಟೆಲು, ರೈಲುಗಳ ಮಟ್ಟಿಗೆ ಪಾಸ್, ಅಂದರೆ ಲಸಿಕೆಯ ಇಲ್ಲವೇ ಸೋಂಕಿಲ್ಲವೆಂಬ ಪರೀಕ್ಷೆಯಂಥ ದಾಖಲೆ ತೋರಿಸುವ ಷರತ್ತು. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಎರಡು ನಿಯಮಗಳು 2022ರ ಜನವರಿ 13ರಂದು, ಒಂದೇ ದಿನ, ಸುಪ್ರೀಂ ಕೋರ್ಟಿನಲ್ಲಿ ಬೇರೆಬೇರೆ ಗತಿ ಕಂಡವು. ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಲಸಿಕೆ ಇಲ್ಲವೇ ಪರೀಕ್ಷೆ ಎಂಬ ನಿಯಮಕ್ಕೆ ತಡೆ ಬಿತ್ತು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳ ಸಿಬ್ಬಂದಿಗೆ ಲಸಿಕೆ ಬೇಕೆಂಬ ನಿಯಮ ಉಳಿಯಿತು. ‘ಅಮೆರಿಕದಲ್ಲಿ ಕಡ್ಡಾಯವಿತ್ತೇ?’ ಎಂದರೆ ಯಾರಿಗೆ ಎಂದು ಮರುಪ್ರಶ್ನೆ ಹಾಕದೆ ಉತ್ತರಿಸಲಾಗದು.

ನಮ್ಮಲ್ಲಿ 2021ರ ಜನವರಿ 16ರಂದು ಆರಂಭವಾದ ಅಭಿಯಾನ ಕಾಗದದ ಮೇಲೆ ಸಂಪೂರ್ಣ ಸ್ವಇಚ್ಛೆಯದು. ಆದರೆ ಒಮೈಕ್ರಾನ್ ಕಾಣಿಸಿಕೊಂಡ ಕೂಡಲೇ, ಡಿಸೆಂಬರ್‌ನಲ್ಲಿ, ರಾಜ್ಯ ಸರ್ಕಾರ ಮಾಲ್ ಮತ್ತು ಸಿನಿಮಾ ಮಂದಿರಗಳಿಗೆ ಎರಡು ಡೋಸ್ ಪಡೆದವರನ್ನು ಮಾತ್ರ ಬಿಡಬೇಕೆಂದಿತು. ಶಾಲೆಗೆ ಹೋಗುವ ಮಕ್ಕಳ ಪೋಷಕರಿಗೂ ಎರಡು ಡೋಸ್ ಆಗಿರಬೇಕೆಂದಿತು. ಮೈಸೂರಿನ ಮಾಲ್ ಬಾಗಿಲಲ್ಲಿ ಕಾವಲುಗಾರರು ಮೊಬೈಲಿನಲ್ಲಿ ನೋಡುತ್ತಿದ್ದ ಪ್ರಮಾಣಪತ್ರ ಷರತ್ತಿನ ನೀತಿಗೆ ಸೇರಿದ್ದು. ಮಾಲ್ ಬಿಡುವುದು ಸುಲಭ, ಮಗುವಿನ ಶಾಲೆ ಬಿಡಿಸುವುದು ಹಾಗಲ್ಲ. ಅದಕ್ಕೂ ಮೊದಲು ನೆರೆಯ ಚಾಮರಾಜನಗರದಲ್ಲಿ ಲಸಿಕೆ ಪಡೆಯದವರಿಗೆ ಪಡಿತರವಿಲ್ಲ, ಪಿಂಚಣಿಯಿಲ್ಲ ಎಂಬ ಮಾತು ಹೊರಟು ವಿವಾದವಾಗಿತ್ತು. ಅನ್ನವನ್ನೇ ಷರತ್ತಿಗೆ ಕಟ್ಟಿದರೆ ನಿರಾಕರಿಸುವ ಸ್ವಾತಂತ್ರ್ಯ ಹೆಸರಿಗಷ್ಟೇ ಉಳಿಯುತ್ತದೆ ಎಂಬುದು ನಿಜ. ಹಾಗಿದ್ದರೂ ಅದನ್ನು ಒತ್ತಡವೆಂದು ಕರೆಯಬೇಕೇ ಹೊರತು ಆಸ್ಟ್ರಿಯಾದ ಸಾಲಿನಲ್ಲಿ ಕೂರಿಸಬಾರದು.

ಸುಪ್ರೀಂ ಕೋರ್ಟ್ 2022ರ ಮೇ 2ರ ತೀರ್ಪಿನಲ್ಲಿ ಈ ಭೇದವನ್ನೇ ಹಿಡಿದು ನಡೆಯಿತು. ಸಂವಿಧಾನದ 21ನೇ ವಿಧಿಯಡಿ ದೇಹದ ಮೇಲಿನ ಹಕ್ಕು ವ್ಯಕ್ತಿಯದೇ ಆದ್ದರಿಂದ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದ ನ್ಯಾಯಾಲಯ, ಸಾರ್ವಜನಿಕ ಆರೋಗ್ಯಕ್ಕಾಗಿ ಸರ್ಕಾರವು ಅಗತ್ಯಕ್ಕೆ ತಕ್ಕಷ್ಟು ನಿರ್ಬಂಧ ಹೇರಬಹುದೆಂದೂ ಹೇಳಿತು. ಆಗ ಜಾರಿಯಲ್ಲಿದ್ದ ನಿರ್ಬಂಧಗಳು ಮಾತ್ರ ಆ ಅಳತೆಗೆ ಒಗ್ಗುವುದಿಲ್ಲವೆಂದೂ, ಸೋಂಕು ಕಡಿಮೆ ಇರುವ ತನಕ ಅವನ್ನು ಮರುಪರಿಶೀಲಿಸಬೇಕೆಂದೂ ಸೂಚಿಸಿತು.

ಹೋಲಿಕೆಯ ಪಟ್ಟಿ ಮಾಡುವವರು ಒಂದು ಕಂಬಸಾಲನ್ನು ದಿನಾಂಕಕ್ಕೂ ಇಡಬೇಕು. ಆಸ್ಟ್ರಿಯಾದ ಕಾನೂನಿಗೆ ದಂಡದ ವಸೂಲಿ ಆರಂಭವಾಗುವ ಮೊದಲೇ, ಮಾರ್ಚ್‌ನಲ್ಲಿ, ತಡೆ ಬಿತ್ತು. ಆ ವರ್ಷದ ನಡುವಿನಲ್ಲಿ ಅದು ರದ್ದೇ ಆಯಿತು.