ಮೈ ಸೋತಿದೆ, ತಲೆಯಾದರೂ ಚುರುಕಾಗಿರಬೇಕು. ಸುಡೋಕು ಸಾಕಾ?

ಪ್ರಶ್ನೆ: ನನಗೆ 73 ವರ್ಷ. ಮಂಡಿ ಸವೆದಿದೆ, ಹೆಚ್ಚು ನಡೆಯೋಕೆ ಆಗಲ್ಲ. ಕಿವಿಯೂ ಸ್ವಲ್ಪ ಮಂದ. ಈಚೆಗೆ ಗೊತ್ತಿರುವವರ ಹೆಸರೇ ನಾಲಿಗೆ ತುದಿಗೆ ಬಂದು ನಿಂತುಬಿಡುತ್ತದೆ. ದಿನಾ ಸುಡೋಕು, ಪದಬಂಧ ಬಿಡಿಸುತ್ತೇನೆ. ಬುದ್ಧಿ ಚುರುಕಾಗಿರಲು ಅಷ್ಟು ಸಾಕಾ?

ಸುಡೋಕು ಖುಷಿ ಕೊಡುತ್ತಿದ್ದರೆ ಖಂಡಿತ ಬಿಡಬೇಡಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ದಿನಾ ಸುಡೋಕು ಬಿಡಿಸಿದವರು ಸುಡೋಕುವಿನಲ್ಲಿ ಪಳಗುತ್ತಾರೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವಾಗ ಆ ಪಳಗಿದ ಬುದ್ಧಿ ಅಷ್ಟಾಗಿ ಕೈಗೆ ಬರುವುದಿಲ್ಲ.

ನಿಮ್ಮ ಪ್ರಶ್ನೆ ಓದುವಾಗ ನಾನು ತಡೆದು ನಿಂತಿದ್ದು 'ಕಿವಿಯೂ ಸ್ವಲ್ಪ ಮಂದ' ಅನ್ನುವ ಕಡೆ. ನೀವು ಅದನ್ನು ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಅಮ್ಮನಿಗೆ ಮರೆವು ಶುರುವಾಗಿದೆ ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು. ನಾಲ್ಕು ಜನ ಕೂತು ಮಾತಾಡುವಾಗ ಏನೋ ಕೇಳಿದರೆ ಇನ್ನೇನೋ ಉತ್ತರ. ಬೆಳಿಗ್ಗೆ ಹೇಳಿದ್ದು ಸಂಜೆಗೆ ನೆನಪಿಲ್ಲ. ಬರಬರುತ್ತಾ ಮಾತೇ ಕಡಿಮೆ ಆಯಿತು, ನಗಬೇಕಾದ ಕಡೆ ಎಲ್ಲರ ಮುಖ ನೋಡಿ ನಗುತ್ತಿದ್ದರು. ಕಡೆಗೆ ಕಿವಿ ಡಾಕ್ಟರ ಹತ್ತಿರ ಹೋದರೆ ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು! ಅದನ್ನು ತೆಗೆದ ಮೇಲೆ ಮಾಡಿದ ಪರೀಕ್ಷೆಯಲ್ಲಿ ನಿಜವಾದ ಕಿವುಡೂ ಸಾಕಷ್ಟಿದೆ ಅಂತ ಗೊತ್ತಾಯಿತು. ಬೆಳಿಗ್ಗೆ ನಾವು ಹೇಳಿದ್ದನ್ನು ಅವರು ಮರೆತಿರಲಿಲ್ಲ, ಅದು ಅವರ ಕಿವಿಗೇ ಬಿದ್ದಿರಲಿಲ್ಲ.

ಒಳಗೆ ನಡೆಯುವುದು ಇಷ್ಟು. ಅರ್ಧಂಬರ್ಧ ಕೇಳಿದ ಮಾತನ್ನು ಜೋಡಿಸಿಕೊಳ್ಳಲು ಮಿದುಳು ಜಾಸ್ತಿ ದುಡಿಯಬೇಕು. ಆ ದುಡಿಮೆಯಲ್ಲೇ ಗಮನವೆಲ್ಲ ಖರ್ಚಾದರೆ, ಕೇಳಿದ್ದನ್ನು ನೆನಪಿಗೆ ಹಾಕಿಕೊಳ್ಳಲು ಉಳಿಯುವುದು ಕಡಿಮೆ. ಮೇಲಾಗಿ ಕೇಳಿಸದವರು ಮೆಲ್ಲಗೆ ಮಾತುಕತೆಯಿಂದಲೇ ಹಿಂದೆ ಸರಿಯುತ್ತಾರೆ. ಮರೆಗುಳಿ ಕಾಯಿಲೆಯ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ನೇಮಿಸಿದ್ದ ತಜ್ಞರ ತಂಡ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿತು. ಅವೆಲ್ಲವನ್ನೂ ಸರಿಪಡಿಸಿದರೆ ಸುಮಾರು 45% ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ ಅವರ ಅಂದಾಜು. ಕಿವುಡು ಆ ಪಟ್ಟಿಯ ದೊಡ್ಡ ಹೆಸರುಗಳಲ್ಲಿ ಒಂದು. ಚಿಕಿತ್ಸೆ ಪಡೆಯದ ದೃಷ್ಟಿದೋಷ ಹೊಸದಾಗಿ ಸೇರಿಕೊಂಡದ್ದೂ ಆಗಲೇ. ಹಾಗಾಗಿ ಕಣ್ಣಿನ ಪೊರೆ ತೆಗೆಸುವುದನ್ನು ಮುಂದೂಡುತ್ತಾ ಬಂದಿದ್ದರೆ ಇನ್ನು ಮುಂದೂಡಬೇಡಿ.

ಕಿವಿ ಮಿಷನ್ ಹಾಕಿಕೊಂಡರೆ ಎಲ್ಲರಿಗೂ ಬುದ್ಧಿ ಉಳಿಯುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದ ಪ್ರಯೋಗವೊಂದರ ಫಲಿತಾಂಶ 2023ರಲ್ಲಿ ಬಂತು. ಒಟ್ಟಾರೆ ನೋಡಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಹೆಚ್ಚು ಅಪಾಯದಲ್ಲಿದ್ದ ಹಿರಿಯರಲ್ಲಿ ಬುದ್ಧಿ ಕುಂದುವ ವೇಗ 48% ತಗ್ಗಿತ್ತು. ಮಿಷನ್ ತಂದವರಿಗೆ ಒಂದು ಮಾತು: ಮೊದಲ ಕೆಲವು ವಾರ ಹಿಂಸೆಯೇ. ನಲ್ಲಿ ನೀರು ಜಲಪಾತದ ಹಾಗೆ, ಕಾಗದದ ಸರಸರ ಗುಡುಗಿನ ಹಾಗೆ ಕೇಳಿಸುತ್ತದೆ. ಬಹಳ ಮಿಷನ್‌ಗಳು ಡ್ರಾಯರ್ ಸೇರುವುದು ಈ ಹಂತದಲ್ಲೇ. ದಿನಾ ಸ್ವಲ್ಪ ಹೊತ್ತು ಹಾಕಿಕೊಂಡು ಹೊತ್ತು ಹೆಚ್ಚಿಸುತ್ತಾ ಹೋದರೆ ಮಿದುಳು ಒಗ್ಗಿಕೊಳ್ಳುತ್ತದೆ.

ಆಮೇಲೆ ನಿಮ್ಮ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರಿಗೆ ತೋರಿಸಿ. ಎಲ್ಲವನ್ನೂ, ಅಂಗಡಿಯಿಂದ ನೀವೇ ತಂದುಕೊಂಡದ್ದನ್ನೂ. ಅಲರ್ಜಿಗೆ, ನಿದ್ದೆಗೆ, ಮೂತ್ರದ ಅವಸರಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ವಯಸ್ಸಾದವರ ತಲೆಗೆ ಮಂಕು ಕವಿಸುತ್ತವೆ. ಶುಗರ್‌ಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುತ್ತಿದ್ದರೆ ಮೈಯಲ್ಲಿ ಬಿ12 ವಿಟಮಿನ್ ಇಳಿದಿರಬಹುದು. ಆ ಕೊರತೆಯೂ ಮರೆವಿನ ವೇಷದಲ್ಲಿ ಬರುತ್ತದೆ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಥೈರಾಯ್ಡ್ ಕೂಡ ಹಾಗೇ. ಯಾವ ಮಾತ್ರೆಯನ್ನೂ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಅಷ್ಟೇ.

ಇನ್ನು ಮಂಡಿ. 55ರಿಂದ 80 ವಯಸ್ಸಿನ 120 ಜನರ ಮೇಲೆ ನಡೆದ ಅಧ್ಯಯನವೊಂದು 2011ರಲ್ಲಿ ಹೆಸರಾಗಿತ್ತು. ಒಂದು ವರ್ಷ ವಾರಕ್ಕೆ ಮೂರು ದಿನ ಚುರುಕಾಗಿ ನಡೆದವರಲ್ಲಿ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಮಿದುಳಿನ ಭಾಗ ಸುಮಾರು 2% ದೊಡ್ಡದಾಗಿತ್ತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಲ್ಲಿ ಅದು ಸಣ್ಣಗಾಗಿತ್ತು. 'ನನಗೆ ನಡೆಯೋಕೇ ಆಗಲ್ಲವಲ್ಲ' ಅನ್ನಬೇಡಿ. ಇಲ್ಲಿ ಮುಖ್ಯವಾದದ್ದು ಎದೆಬಡಿತ ಸ್ವಲ್ಪ ಏರುವುದು, ಅದು ಕುರ್ಚಿಯಲ್ಲಿ ಕೂತು ಪೆಡಲ್ ತುಳಿದರೂ ಏರುತ್ತದೆ, ನೀರಿನಲ್ಲಿ ಕೈಕಾಲು ಆಡಿಸಿದರೂ ಏರುತ್ತದೆ. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ ಮಾಡಿ ನೋಡಿ. ಆಗದಿದ್ದರೆ ಕೈ ಊರಿಯೇ ಮಾಡಿ. ಸವೆದ ಮಂಡಿಗೆ ತೊಡೆಯ ಬಲವೇ ಆಸರೆ.

ಸುಡೋಕು ಜೊತೆಗೆ ಇನ್ನೇನು ಸೇರಿಸಬಹುದು? ಬರದೇ ಇರುವ ಒಂದು ವಿದ್ಯೆ. 60 ದಾಟಿದವರಿಗೆ ಮೂರು ತಿಂಗಳು ಡಿಜಿಟಲ್ ಫೋಟೋಗ್ರಫಿಯನ್ನೋ ಕೌದಿ ಹೊಲಿಯುವುದನ್ನೋ ಕಲಿಸಿ ನೋಡಿದ ಅಧ್ಯಯನವೊಂದಿದೆ. ಅವರ ನೆನಪು ಸುಧಾರಿಸಿತು. ಸುಮ್ಮನೆ ಹರಟೆ, ಆಟ ಅಂತ ಕಳೆದವರಲ್ಲಿ ಅಷ್ಟು ಬದಲಾವಣೆ ಇರಲಿಲ್ಲ. ಕಲಿಯುವಾಗ ಸ್ವಲ್ಪ ತಿಣುಕಾಡಬೇಕು, ಆಗಲೇ ಲಾಭ.

ಆದರೆ ಎಲ್ಲವನ್ನೂ ಮೊದಲಿನಂತೆ ಮಾಡುತ್ತೇನೆ ಅಂತ ಹಠ ಬೇಡ. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಎಂಬತ್ತರಲ್ಲಿ ಹೇಗೆ ನುಡಿಸುತ್ತಿದ್ದರು ಅನ್ನುವುದನ್ನು ಮನಶ್ಶಾಸ್ತ್ರಜ್ಞ ಪಾಲ್ ಬಾಲ್ಟೆಸ್ ಆಗಾಗ ಉದಾಹರಣೆ ಕೊಡುತ್ತಿದ್ದರು. ನುಡಿಸುವ ಕೃತಿಗಳನ್ನು ಕಡಿಮೆ ಮಾಡಿಕೊಂಡರು. ಉಳಿಸಿಕೊಂಡವನ್ನು ಹೆಚ್ಚು ಅಭ್ಯಾಸ ಮಾಡಿದರು. ಮೂರನೆಯದು ನನಗೆ ಬಹಳ ಇಷ್ಟವಾದ ಉಪಾಯ: ವೇಗದ ಭಾಗ ಬರುವ ಮುಂಚೆ ಬೇಕಂತಲೇ ನಿಧಾನ ಮಾಡುತ್ತಿದ್ದರು. ಆಗ ಮುಂದಿನದು ಕೇಳುವವರಿಗೆ ಇದ್ದದ್ದಕ್ಕಿಂತ ವೇಗವಾಗಿ ಕೇಳಿಸುತ್ತಿತ್ತು. 1976ರಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟಾಗ ಅವರಿಗೆ 89, ದೃಷ್ಟಿ ಬಹುಪಾಲು ಹೋಗಿತ್ತು. ಮಾತ್ರೆಗೆ ವಾರದ ಡಬ್ಬಿ, ಕೀಲಿಗೆ ಬಾಗಿಲ ಪಕ್ಕದ ಮೊಳೆ, ಹೆಸರಿಗೆ ಒಂದು ಪುಟ್ಟ ನೋಟ್‌ಬುಕ್ ಇವೂ ಅದೇ ಜಾತಿಯ ಉಪಾಯಗಳು. ನಾಚಿಕೆ ಯಾಕೆ?

ನಿಮಗಾಗುತ್ತಿರುವ ಹೆಸರಿನ ತಡವರಿಕೆ ಈ ವಯಸ್ಸಿನಲ್ಲಿ ಸಾಮಾನ್ಯ. ಆಮೇಲಾದರೂ ಹೆಸರು ಹೊಳೆಯುತ್ತದೆ ಅಲ್ವಾ? ಅರವತ್ತಕ್ಕೆ ಅರಳುಮರಳು ಅನ್ನುವ ಗಾದೆಯನ್ನು ನೆನೆದು ಹೆದರಬೇಕಿಲ್ಲ, ಪದಸಂಪತ್ತು ಅರವತ್ತು ದಾಟಿದ ಮೇಲೂ ಬೆಳೆಯುತ್ತದೆ. ಆದರೆ ದಿನಾ ಓಡಾಡುವ ದಾರಿ ತಪ್ಪಿದರೆ, ವರ್ಷಗಳಿಂದ ಮಾಡುತ್ತಿದ್ದ ಹಣದ ಲೆಕ್ಕ ಕೈ ಮೀರಿದರೆ ಪರೀಕ್ಷೆ ಮಾಡಿಸಿ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಶುರುವಾಗಿ ಹಗಲು ರಾತ್ರಿ ಅದಲುಬದಲಾದರೆ ಅದು ವಯಸ್ಸಿನ ಮರೆವಲ್ಲ. ಮೂತ್ರದ ಸೋಂಕೋ, ಹೊಸ ಮಾತ್ರೆಯೋ, ಮೈಯಲ್ಲಿ ನೀರು ಕಡಿಮೆಯಾಗಿದ್ದೋ ಕಾರಣವಿರಬಹುದು. ಅಂಥ ಹೊತ್ತಿನಲ್ಲಿ ನಾಳೆಯವರೆಗೆ ಕಾಯದೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಿ ಅಂತ ಮನೆಯವರಿಗೆ ಈಗಲೇ ಹೇಳಿಡಿ.